ಸೋತವನ ಹೆಗಲ ಮೇಲೆ ಕೈ ಇಡುವವರು ಯಾರು?

(ಕಿರುಗಾವಲಿನಲ್ಲಿ ಕಬಡ್ಡಿ ಪಂದ್ಯಾವಳಿಯ ಮುಕ್ತಾಯದಂದು ಮಾಡಿದ ಭಾಷಣ)



ಗೆದ್ದ ತಂಡಕ್ಕೆ ಹಾರ ಹಾಕಿದ್ದಾಯಿತು. ಈಗ ಸೋತವರ ಬಗ್ಗೆ ನಾಲ್ಕು ಮಾತಾಡಲು ನಿಮ್ಮ ಅಪ್ಪಣೆ ಬೇಡುತ್ತೇವೆ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಮೇಷ್ಟರಾಗಿದ್ದೆವು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಕೂಲಿಯವರ ಮಗ, ಒಳ್ಳೆಯ ಕಬಡ್ಡಿ ಆಟಗಾರ. ತಾಲೂಕು ಪಂದ್ಯದ ಕೊನೆಯ ಗಳಿಗೆಯಲ್ಲಿ ಅವನು ಸಿಕ್ಕಿಬಿದ್ದ, ಶಾಲೆ ಸೋತಿತು. ಮಾರನೆಯ ದಿನ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ, "ಶಾಲೆಯ ಮಾನ ಕಳೆದೆ" ಎಂದು ಹಳಿದೆವು. ಹುಡುಗ ಮೈದಾನಕ್ಕೆ ಬರುವುದನ್ನು ಬಿಟ್ಟ. ಆಮೇಲೆ ಶಾಲೆಯನ್ನೂ ಬಿಟ್ಟ. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾರೊಡನೆಯೂ ಮಾತಿಲ್ಲ ಎಂದು ಅವನ ತಾಯಿ ಬಂದು ಹೇಳಿದರೆ, "ಸೋಮಾರಿತನ, ತಾಯಿ" ಎಂದುಬಿಟ್ಟೆವು. ಕಾಲು ಉಳುಕಿದ್ದರೆ ಎಣ್ಣೆ ತಿಕ್ಕಿಸುತ್ತಿದ್ದೆವು. ಮನಸ್ಸು ಉಳುಕಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಇದು ಬಡವರ ಮಕ್ಕಳ ಅಂಜುಬುರುಕತನ ಎಂದು ಯಾರೂ ತಿಳಿಯಬಾರದು. ಕೊಡಗಿನ ರಾಬಿನ್ ಉತ್ತಪ್ಪ 2007ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದವರು. 2009ರಿಂದ 2011ರವರೆಗೆ ದಿನವೂ ಜೀವ ಬೇಡವೆನ್ನಿಸುತ್ತಿತ್ತೆಂದು ಅವರೇ 2020ರಲ್ಲಿ ಬಾಯಿಬಿಟ್ಟು ಹೇಳಿದರು. ಬೇರೆಯವರ ಸಹಾಯ ಪಡೆದು ಅದರಿಂದ ಹೊರಬಂದರು. 2025ರ ಅಕ್ಟೋಬರ್ 30ರಂದು ವಿಶ್ವಕಪ್ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾದ ಮೇಲೆ ಔಟಾಗದೆ 127 ರನ್ನು ಹೊಡೆದು ಗೆಲ್ಲಿಸಿದ ಜೆಮಿಮಾ ರಾಡ್ರಿಗಸ್, ಆ ಪಂದ್ಯಾವಳಿಯ ಉದ್ದಕ್ಕೂ ಆತಂಕದಿಂದ ಅಳುತ್ತಿದ್ದೆನೆಂದು ಎಲ್ಲರ ಮುಂದೆ ಹೇಳಿದಳು. ಅವಳನ್ನು ಉಳಿಸಿದ್ದು ಮನೆಯವರು ಮತ್ತು ಪಕ್ಕದಲ್ಲಿ ಬಂದು ಕೂತ ಸಂಗಾತಿಗಳು. ನಮ್ಮ ಹುಡುಗನ ಪಕ್ಕದಲ್ಲಿ ಕೂರುವವರು ಯಾರೂ ಇರಲಿಲ್ಲ. ವ್ಯತ್ಯಾಸ ಇಷ್ಟೇ.

ಇನ್ನೊಂದು ಮಾತು. ಆಟಗಾರನ ಚಿಂತೆಯಲ್ಲಿ ಅರ್ಧ ಪಾಲು ಹೊಟ್ಟೆಯ ಚಿಂತೆ. ನಮ್ಮ ನೆರೆಯ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ಖೋಖೋ ವಿಶ್ವಕಪ್ ಗೆದ್ದ ಹೆಣ್ಣುಮಕ್ಕಳ ತಂಡದಲ್ಲಿದ್ದಳು. ಗಂಡಸರ ತಂಡದಲ್ಲಿ ನಮ್ಮ ರಾಜ್ಯದ ಗೌತಮ್ ಇದ್ದ. ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಇಬ್ಬರೂ ಬೇಡವೆಂದರು. ಮಹಾರಾಷ್ಟ್ರದಲ್ಲಿ ಗೆದ್ದವರಿಗೆ ದೊಡ್ಡ ಮೊತ್ತದ ಜೊತೆಗೆ ಸರ್ಕಾರಿ ಕೆಲಸವೂ ದೊರೆಯುತ್ತಿತ್ತು. ಗೆದ್ದವರಿಗೇ ನಾಳೆಯ ಭರವಸೆ ಇಲ್ಲದಿದ್ದರೆ, ಸೋತವನು ರಾತ್ರಿ ಏನೆಂದು ಯೋಚಿಸಿ ಮಲಗಬೇಕು? ಪಾಳಿ ತಪ್ಪಿದರೆ ಕೂಲಿ ತಪ್ಪುವ ಭಯ ನಿಮಗೆ ಗೊತ್ತು. ಮೊಣಕಾಲು ಹೋದರೆ ಬದುಕೇ ಹೋಯಿತೆಂಬ ಭಯದಲ್ಲಿ ಅವನು ಆಡುತ್ತಾನೆ.

ಹಾಗಾದರೆ ನಾವೇನು ಮಾಡಬೇಕು? ಸರ್ಕಾರವನ್ನು ಕೇಳಬೇಕಾದ್ದು ಬಿಕ್ಷೆಯಲ್ಲ, ಹಕ್ಕು. ಮನಸ್ಸಿನ ಚಿಕಿತ್ಸೆ ಪ್ರತಿಯೊಬ್ಬನ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ. ಕ್ರೀಡಾ ವಸತಿನಿಲಯಗಳಲ್ಲಿ ದೈಹಿಕ ಶಿಕ್ಷಕರ ಜೊತೆಗೆ ಮನಸ್ಸಿನ ವೈದ್ಯರೂ ಇರಲಿ, ಆಟ ಮುಗಿದ ಮೇಲೆ ಉದ್ಯೋಗವೂ ಇರಲಿ. ಅದು ಬರುವ ತನಕ 14416 ಎಂಬ ಟೆಲಿ ಮಾನಸ್ ದೂರವಾಣಿ ಇದೆ. ಹಗಲು ರಾತ್ರಿ, ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಅಂಗಡಿಯ ಗೋಡೆಗೆ ಬರೆಸಿ, ಗಿರಣಿಯ ಬಾಗಿಲಿಗೂ ಬರೆಸಿ.

ನಮ್ಮ ಕೈಯಲ್ಲೇ ಇರುವ ಕೆಲಸವೂ ಉಂಟು. ಬಾಜಿ ಕಟ್ಟಿ ಕಳೆದುಕೊಂಡ ಸಿಟ್ಟನ್ನು ಆಟಗಾರನ ತಾಯಿಯ ಹೆಸರೆತ್ತಿ ತೀರಿಸಿಕೊಳ್ಳುವುದು ನಿಲ್ಲಲಿ. ಬಹುಮಾನಕ್ಕೆ ದುಡ್ಡು ಕೊಡುವ ವ್ಯಾಪಾರಿ ಮಿತ್ರರು ಸೋತ ತಂಡದ ಬಸ್ ಚಾರ್ಜಿಗೂ ಒಂದಿಷ್ಟು ತೆಗೆದಿಡಲಿ. ಪ್ಯಾರಿಸಿನಲ್ಲಿ 2024ರ ಒಲಿಂಪಿಕ್ ಗ್ರಾಮದೊಳಗೆ ಆಟಗಾರರ ಮನಸ್ಸಿನ ನೆಮ್ಮದಿಗೆಂದೇ ಬೇರೆ ಜಾಗ ಮಾಡಿದ್ದರು. ನಮಗೆ ಅಷ್ಟು ಬೇಡ. ಒಂದು ಜಗಲಿ, ಒಂದು ಲೋಟ ಮಜ್ಜಿಗೆ, ಹೇಳಿದ್ದನ್ನು ಕೇಳುವ ಒಬ್ಬ ಹಿರಿಯ, ಇಷ್ಟಿದ್ದರೆ ಸಾಕು.

ಕಿರುಗಾವಲು ನೂರಾರು ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡ ಊರು. ಒಂದು ವರ್ಷ ಇಳುವರಿ ಬಾರದಿದ್ದರೆ ಬಿತ್ತನೆ ಬೀಜವನ್ನೇ ಬೀದಿಗೆ ಎಸೆಯುವ ರೈತ ಇಲ್ಲಿಲ್ಲ. ಬೀಜಕ್ಕೆ ತೋರಿಸುವ ತಾಳ್ಮೆಯನ್ನು ಮಕ್ಕಳಿಗೂ ತೋರಿಸೋಣ.

ಆ ಹುಡುಗ ಈಗ ಬೆಂಗಳೂರಿನ ಗೋದಾಮೊಂದರಲ್ಲಿ ಮೂಟೆ ಹೊರುತ್ತಾನೆ. ಹೋದ ವರ್ಷ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆವು. "ಬುಡಿ ಸಾ, ಅದೆಲ್ಲ ಯಾಕೆ" ಎಂದ. ಈ ಪಂದ್ಯ ನೋಡಲು ಬಾ ಎಂದರೆ ಮಾತ್ರ ತಲೆ ತಗ್ಗಿಸಿದ. ಇಂದೂ ಬಂದಿಲ್ಲ.

ಆದ್ದರಿಂದ ಒಂದು ಬಿನ್ನಹ. ಇಂದು ಸೋತ ತಂಡದವರು ಊಟ ಮಾಡದೆ ಊರು ಬಿಡಬಾರದು. ಎಲೆ ಹಾಕಿಸಿ. ಗೆದ್ದ ತಮ್ಮಂದಿರೇ, ಬಡಿಸುವ ಕೆಲಸ ನಿಮ್ಮದು.