ರೂಟರ್ ಕೆಟ್ಟಿತೆಂದು ಹೇಳುವ ಮೊದಲು



ಶಿಕ್ಷಣದ ಬಗ್ಗೆ ಮಾತನಾಡಬೇಕಾದ ಸಭೆಯಲ್ಲಿ ಇವರು ರೂಟರಿನ ವಿಷಯ ಎತ್ತಿಕೊಂಡರಲ್ಲ ಎಂದು ಕೆಲವರಿಗೆ ಅನ್ನಿಸಬಹುದು. 2021ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಸುಳ್ಯ ತಾಲೂಕಿನ ಗುತ್ತಿಗಾರು ಸಮೀಪದ ಬಳ್ಳಕದಲ್ಲಿ ಎಸೆಸೆಲ್ಸಿ ವಿದ್ಯಾರ್ಥಿನಿಯೊಬ್ಬಳು ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರವನ್ನು ಇಡೀ ದೇಶ ನೋಡಿತು. ಮನೆಯಲ್ಲಿ ಸಿಗ್ನಲ್ ಸಿಗದ ಮಕ್ಕಳು ಆಗ ನಮ್ಮ ಮೂರೂ ತಾಲೂಕುಗಳಲ್ಲಿ ಗುಡ್ಡ ಹತ್ತುತ್ತಿದ್ದರು.

ಈಗ ಅನೇಕ ಮನೆಗಳಿಗೆ ಅಡಿಕೆ ತೋಟದ ನಡುವಿನಿಂದ ಫೈಬರ್ ಕೇಬಲ್ ಬಂದಿದೆ. ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳ ಆಯ್ಕೆ, ಪರೀಕ್ಷೆಯ ಪ್ರವೇಶಪತ್ರ, ಎಲ್ಲವೂ ಅದರ ಮೂಲಕವೇ ಆಗಬೇಕು. ಎಲ್ಲದಕ್ಕೂ ಕೊನೆಯ ದಿನಾಂಕ ಇದೆ. ದಿನ ದಾಟಿದ ಮೇಲೆ "ನಮ್ಮಲ್ಲಿ ನೆಟ್ ಇರಲಿಲ್ಲ" ಎಂದರೆ ಕೇಳುವವರಿಲ್ಲ. ಆದ್ದರಿಂದ ನೆಟ್ ನಿಂತಾಗ ಏನು ಮಾಡಬೇಕೆಂಬುದು ವಿದ್ಯಾರ್ಥಿಗಳಿಗೆ ಗೊತ್ತಿರಲೇಬೇಕು.

"ನೆಟ್ ಇಲ್ಲ" ಎನ್ನುವುದು "ಮೈಗೆ ಹುಷಾರಿಲ್ಲ" ಎಂದ ಹಾಗೆ. ಅಷ್ಟರಿಂದ ಡಾಕ್ಟರು ಮದ್ದು ಕೊಡಲಾರರು. ಜ್ವರವೋ, ಹೊಟ್ಟೆನೋವೋ ಎಂದು ಕೇಳುತ್ತಾರೆ. ರೂಟರ್ ಈ ಪ್ರಶ್ನೆಗೆ ಉತ್ತರವನ್ನು ತನ್ನ ಮುಖದ ಮೇಲೆಯೇ ಬರೆದುಕೊಂಡಿರುತ್ತದೆ. ನಾವು ಅದನ್ನು ಓದುವುದಿಲ್ಲ, ಅಷ್ಟೆ. ಸ್ವಿಚ್ ಮುಟ್ಟುವ ಮೊದಲು ಅದರ ಸಣ್ಣ ದೀಪಗಳನ್ನು ನೋಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಆಫ್ ಮಾಡಿ ಆನ್ ಮಾಡಿದರೆ ಆ ಸಾಕ್ಷ್ಯ ಅಳಿಸಿಹೋಗಬಹುದು.

ಫೈಬರ್ ಸಂಪರ್ಕದ ರೂಟರಿನಲ್ಲಿ ಸಾಮಾನ್ಯವಾಗಿ 'ಎಲ್.ಒ.ಎಸ್.' ಎಂದು ಬರೆದ ದೀಪವೊಂದಿದೆ. ಅದು ಕೆಂಪಾಗಿ ಮಿನುಗಿದರೆ ಕೇಬಲಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಕೂಡಲೇ ಅದೇ ಲೈನಿನ ನೆರೆಮನೆಯವರನ್ನು ಕೇಳಿ. ಅವರಲ್ಲೂ ಕೆಂಪಾದರೆ ತೊಂದರೆ ದೊಡ್ಡ ಕೇಬಲಿನಲ್ಲೋ ಎಕ್ಸ್‌ಚೇಂಜಿನಲ್ಲೋ ಇರುತ್ತದೆ. ನಿಮ್ಮಲ್ಲಿ ಮಾತ್ರವಾದರೆ ಕಂಬದಿಂದ ನಿಮ್ಮ ಮನೆಯವರೆಗಿನ ಲೈನ್ ನೋಡುತ್ತಾ ನಡೆಯಿರಿ. ವರ್ಷಕ್ಕೆ 3,500 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಸೋಗೆ ಬಿದ್ದಿರಬಹುದು, ಗಾಳಿಗೆ ಮರ ಒರಗಿರಬಹುದು, ಅಳಿಲು ಕಚ್ಚಿರಬಹುದು. ಕೇಬಲ್ ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಮೆಸ್ಕಾಂಗೆ ತಿಳಿಸಿ. ತುಂಡಾದ ತುದಿಯೊಳಗೆ ಇಣುಕಿ ನೋಡುವುದೂ ಬೇಡ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಎಷ್ಟೋ ಸಲ ಕೇಬಲ್ ತುಂಡಾಗಿರುವುದೇ ಇಲ್ಲ. ಗುಡಿಸುವಾಗ ರೂಟರ್ ಸರಿಸಿ, ಹಳದಿ ಅಥವಾ ಬಿಳಿ ತಂತಿಯನ್ನು ಚೂಪಾಗಿ ಮಡಚಿ ಗೋಡೆಗೆ ಒತ್ತಿರುತ್ತಾರೆ. ಅದರೊಳಗೆ ಬೆಳಕು ಸಾಗುವ ಗಾಜಿನ ದಾರಿಯ ಅಗಲ ಸುಮಾರು 9 ಮೈಕ್ರಾನ್, ಅಂದರೆ ತಲೆಕೂದಲಿಗಿಂತಲೂ ಎಷ್ಟೋ ಸಣ್ಣದು. ಚೂಪಾಗಿ ಬಾಗಿದಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಹೆಚ್ಚಿದ್ದ ತಂತಿಯನ್ನು ಅಂಗೈಯಗಲದ ಸುರುಳಿ ಮಾಡಿ ಇಟ್ಟರೆ ಸಾಕು.

ವಿಜ್ಞಾನ ಓದುವ ಪಿಯುಸಿ ಮಕ್ಕಳಿಗೆ ಒಂದು ಮಾತು. ಕೆಲವು ರೂಟರುಗಳ ಸೆಟ್ಟಿಂಗ್ ಪುಟದಲ್ಲಿ ಬಂದು ತಲುಪಿದ ಬೆಳಕಿನ ಅಳತೆಯನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುತ್ತಾರೆ. ಮೈನಸ್ 20 ಇದ್ದದ್ದು ಮೈನಸ್ 23 ಆದರೆ ಮೂರೇ ಅಂಕೆ ಎಂದು ಸುಮ್ಮನಾಗಬೇಡಿ, ಬೆಳಕು ಅರ್ಧಕ್ಕೆ ಇಳಿದಿದೆ. ಮೈನಸ್ 27 ದಾಟಿದರೆ ಸಂಪರ್ಕ ಬಿಟ್ಟು ಬಿಟ್ಟು ಬರತೊಡಗುತ್ತದೆ. ನೀವು ಪುಸ್ತಕದಲ್ಲಿ ಓದುವ ಲಾಗರಿದಮ್ ಚಾವಡಿಯ ಮೂಲೆಯಲ್ಲಿಯೇ ಇದೆ.

ಕೆಂಪು ದೀಪ ಇಲ್ಲ, 'ಪಿ.ಒ.ಎನ್.' ದೀಪ ಹಸಿರಾಗಿ ಸ್ಥಿರವಾಗಿದೆ, ಆದರೆ 'ಇಂಟರ್ನೆಟ್' ದೀಪ ಉರಿಯುತ್ತಿಲ್ಲ ಎಂದಾದರೆ ಲೈನ್ ಸರಿಯಿದೆ. ಮೊದಲು ಬಿಲ್ ಕಟ್ಟಿದ್ದೇವೆಯೇ ನೋಡಿ! ನಗಬೇಡಿ, ಉಪ್ಪ ಗಲ್ಫಿನಲ್ಲಿದ್ದು ಅಲ್ಲಿಂದಲೇ ಬಿಲ್ ಕಟ್ಟುವ ಮನೆಗಳಲ್ಲಿ ಇದು ಮರೆತುಹೋಗುವುದುಂಟು. ಕಟ್ಟಿದ್ದರೆ ರೂಟರನ್ನು ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಕಾಯಿರಿ. ಅಷ್ಟಕ್ಕೂ ಬಾರದಿದ್ದರೆ ಕಂಪೆನಿಗೆ ಫೋನ್ ಮಾಡಬೇಕು.

ಇಲ್ಲಿಯೇ ಹೆಚ್ಚಿನ ಮಕ್ಕಳು ಅವಸರ ಮಾಡುತ್ತಾರೆ. ರೂಟರಿನ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತು ಇದೆ, 'ರೀಸೆಟ್' ಎಂದು ಬರೆದಿರುತ್ತದೆ. ಯಾರೋ ಹೇಳಿದರೆಂದು ಪಿನ್ನಿನಿಂದ ಅದನ್ನು ಒತ್ತಿ ಹಿಡಿಯುತ್ತಾರೆ. ಆಫ್ ಮಾಡಿ ಆನ್ ಮಾಡುವುದು ಬೇರೆ, ಇದು ಬೇರೆ. ಮೊದಲನೆಯದು ನಿದ್ದೆ ಮಾಡಿ ಎದ್ದ ಹಾಗೆ. ಎರಡನೆಯದು ತನ್ನ ಹೆಸರನ್ನೇ ಮರೆತ ಹಾಗೆ. ಕಂಪೆನಿಯವರು ತುಂಬಿಸಿದ ಯೂಸರ್ ನೇಮ್, ಪಾಸ್‌ವರ್ಡ್, ಇತರ ಸೆಟ್ಟಿಂಗ್‌ಗಳು ಅಳಿಸಿಹೋಗಬಹುದು. ಅರ್ಧ ಗಂಟೆಯಲ್ಲಿ ಬರಲಿದ್ದ ನೆಟ್ ಆಮೇಲೆ ಟೆಕ್ನಿಶಿಯನ್ ಬರುವ ತನಕ ಬಾರದು. ಕೊಲ್ಲಮೊಗ್ರು, ಶಿರಾಡಿಯಂಥ ಕಡೆಗೆ ಮಳೆಗಾಲದಲ್ಲಿ ಅವರು ಎಂದು ಬಂದಾರು ಎಂದು ನೀವೇ ಲೆಕ್ಕ ಹಾಕಿ. ಆ ಯೂಸರ್ ನೇಮ್, ಪಾಸ್‌ವರ್ಡ್, ಗ್ರಾಹಕ ಸಂಖ್ಯೆಗಳನ್ನು ಕೇಳಿ ಪಡೆದು, ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಬರೆದಿಡಿ. ಆ ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿದರೂ ತಪ್ಪಿಲ್ಲ.

ದೀಪಗಳೆಲ್ಲ ಸರಿಯಿದ್ದು ಮೇಲಿನ ಕೋಣೆಯಲ್ಲಿ ಮಾತ್ರ ನೆಟ್ ನಿಧಾನ ಎಂದಾದರೆ ಅದು ವೈಫೈ ತೊಂದರೆ. ರೂಟರಿನ ಎದುರು ಎರಡು ಹೆಜ್ಜೆ ದೂರ ನಿಂತು ನೋಡಿ. ಅಲ್ಲಿ ಚೆನ್ನಾಗಿ ಬಂದರೆ ಗೋಡೆಯದ್ದೇ ದೋಷ. ನಮ್ಮ ಮನೆಗಳ ದಪ್ಪ ಮುರಕಲ್ಲಿನ ಗೋಡೆ, ಕಾಂಕ್ರೀಟ್ ಸ್ಲ್ಯಾಬ್, ಕಬ್ಬಿಣದ ಕಪಾಟು, ಇವನ್ನು ದಾಟುವಾಗ ವೈಫೈ ಸೋಲುತ್ತದೆ. ಅದರಲ್ಲೂ 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಒಳ್ಳೆಯದು. ಚಂದ ಕಾಣುವುದಿಲ್ಲವೆಂದು ರೂಟರನ್ನು ಟಿವಿಯ ಹಿಂದೆ ಅಡಗಿಸಿಡುವವರಿದ್ದಾರೆ. ಮನೆಯ ನಡುವಿನಲ್ಲಿ, ಎತ್ತರದಲ್ಲಿ ಇಡಿ.

ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ಹೊಸ ರೂಟರಿಗೆ ಹಣ ಕೊಡುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟೇಜ್ ಏರಿಳಿತದಿಂದ ಮೊದಲು ಸೋಲುವುದು ಹೆಚ್ಚಾಗಿ ಅದೇ. ಹಳೆಯದರ ಮೇಲೆ 12 ವೋಲ್ಟ್ ಎಂದಿದ್ದರೆ ಹೊಸತೂ 12 ವೋಲ್ಟೇ ಆಗಿರಬೇಕು, ಪಿನ್ ಕೂಡ ಸರಿಹೊಂದಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು.

ಎಪ್ರಿಲ್-ಮೇಯ ಸಂಜೆಗಳಲ್ಲಿ, ಅಕ್ಟೋಬರ್-ನವೆಂಬರಿನಲ್ಲಿ ಸಿಡಿಲಿನ ಭಯ. ಗಾಜಿನ ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಅಡಾಪ್ಟರಿನ ಮೂಲಕ ಬರುತ್ತದೆ, ಕೆಲವು ಕೇಬಲಿನ ಜೊತೆಗಿರುವ ಉಕ್ಕಿನ ತಂತಿಯ ಮೂಲಕವೂ ಬರಬಹುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ತೆಗೆಯಬೇಕು. ಅದೂ ಮೋಡ ಕವಿಯುವಾಗಲೇ. ತಲೆಯ ಮೇಲೆ ಗುಡುಗುತ್ತಿರುವಾಗ ಹೋಗಿ ಮುಟ್ಟಬೇಡಿ.

ಗುಡುಗಿಲ್ಲದೆ ಬರೀ ಕರೆಂಟ್ ಹೋದ ದಿನಕ್ಕೆ ಬೇರೆ ದಾರಿ ಇದೆ. ಕಂಬದ ಮೇಲೆ ಫೈಬರನ್ನು ಹಲವು ಮನೆಗಳಿಗೆ ಕವಲೊಡೆಸುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಎಕ್ಸ್‌ಚೇಂಜಿನ ಬ್ಯಾಟರಿ ನಡೆಯುತ್ತಿದ್ದರೆ ಊರೆಲ್ಲ ಕತ್ತಲಾದರೂ ನಿಮ್ಮ ಮನೆಯ ತನಕ ಬೆಳಕು ಬರುತ್ತಲೇ ಇರುತ್ತದೆ. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಒಂದಿದ್ದರೆ ಕೆಲವು ಗಂಟೆ ಕೆಲಸ ನಡೆಯುತ್ತದೆ. ಮೊಬೈಲ್ ಟವರ್ ಸತ್ತ ರಾತ್ರಿಯಲ್ಲಿ ಅರ್ಜಿ ಕಳುಹಿಸಲು ಅಷ್ಟು ಸಾಕು.

ಕೊನೆಗೆ ಕಂಪೆನಿಗೆ ಫೋನ್ ಮಾಡುವಾಗ "ನೆಟ್ ಇಲ್ಲ, ಬೇಗ ಬನ್ನಿ" ಎನ್ನಬೇಡಿ. "ಬೆಳಿಗ್ಗೆ ಏಳು ಗಂಟೆಯಿಂದ ಎಲ್.ಒ.ಎಸ್. ಕೆಂಪು, ನೆರೆಮನೆಯಲ್ಲಿ ಸರಿಯಿದೆ, ತೋಟದ ಹತ್ತಿರ ಸೋಗೆ ಬಿದ್ದು ಕೇಬಲ್ ತುಂಡಾಗಿದೆ" ಎನ್ನಿ. ಆಗ ಅವರು ಕೇಬಲ್ ಜೋಡಿಸುವ ಮೆಷಿನ್ ಹಿಡಿದೇ ಬರುತ್ತಾರೆ. ಇಲ್ಲವಾದರೆ ಒಂದು ದಿನ ನೋಡಲು, ಇನ್ನೊಂದು ದಿನ ಮೆಷಿನ್ ತರಲು. ದೂರಿನ ಸಂಖ್ಯೆ ಬರೆದುಕೊಳ್ಳಿ. ಉಮ್ಮನಿಗೂ ಆ ದೀಪಗಳನ್ನು ತೋರಿಸಿಕೊಡಿ. ನೀವು ಹಾಸ್ಟೆಲಿನಲ್ಲಿರುವಾಗ ನೋಡಿ ಹೇಳಬೇಕಾದವರು ಅವರೇ.