ಪೆಟ್ಟಿಗೆಯೊಳಗಿನ ಧಾರೆಸೀರೆ

(ಕಾಸರಗೋಡಿನಲ್ಲಿ, ಸಂಘದ ವಾರ್ಷಿಕೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಾಂಡಿತ್ಯದ ಮಾತನಾಡುವ ಶಕ್ತಿ ನನಗಿಲ್ಲ. ಗೃಹಿಣಿಯೊಬ್ಬಳು ತನ್ನ ನಷ್ಟದಿಂದ ಕಲಿತ ಪಾಠವನ್ನಷ್ಟೇ ತಮ್ಮಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ನಮ್ಮ ಅತ್ತೆಯವರ ಧಾರೆಸೀರೆ ಅಪ್ಪಟ ರೇಷ್ಮೆಯದು, ಬೆಳ್ಳಿಜರಿಯ ಅಂಚಿನದು. ಅವರು ಕಾಲವಾದ ಬಳಿಕ ಅದನ್ನು ಭಕ್ತಿಯಿಂದ ಪೆಟ್ಟಿಗೆಯ ತಳದಲ್ಲಿರಿಸಿದೆ. ಸವೆದೀತೆಂದು ಉಡಲಿಲ್ಲ, ಬಿಚ್ಚಿಯೂ ನೋಡಲಿಲ್ಲ. ಹನ್ನೆರಡು ಮಳೆಗಾಲಗಳು ಕಳೆದುವು. ಮಗಳ ಮದುವೆಗೆಂದು ಹೊರತೆಗೆದಾಗ ಅದು ಮಡಿಕೆಯ ಗೆರೆಗಳಲ್ಲೆಲ್ಲ ಬಿರಿದು ಕೈಯಲ್ಲೇ ಸೀಳಿತು. ಅಜ್ಜಿಯ ಸೀರೆಯುಟ್ಟು ಧಾರೆಗೆ ಕೂರುವ ಆಸೆಯಿಟ್ಟಿದ್ದ ಮಗಳು ಒಂದು ಮಾತನ್ನೂ ಆಡಲಿಲ್ಲ. ಉಟ್ಟು ಹರಿದಿದ್ದರೆ ಅಷ್ಟು ದುಃಖವಾಗುತ್ತಿರಲಿಲ್ಲ, ಉಡದೆಯೇ ಹರಿಯಿತಲ್ಲ!

ಹೀಗೇಕಾಗುತ್ತದೆ? ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಅಲ್ಲಿಯ ಎಳೆಗಳು ಬಲಗುಂದುತ್ತವೆ. ಲೋಹದ ಜರಿ ಅವನ್ನು ಕೊಯ್ಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ ತೇವದಿಂದ ಬೂಸಲು ಹಿಡಿಯುವುದೂ ಬೆಳ್ಳಿ ಬೇಗ ಕಪ್ಪಾಗುವುದೂ ಸಹಜ.

ಹತ್ತಿ ಗಿಡದ ನಾರು; ರೇಷ್ಮೆ ಹುಳು ನೂತ ಪ್ರೋಟೀನಿನ ಎಳೆ. ಆದುದರಿಂದ ಇವೆರಡರ ಆರೈಕೆಯೂ ಬೇರೆ. ಹತ್ತಿ ಸೋಡಾವನ್ನು ತಾಳೀತು, ರೇಷ್ಮೆ ತಾಳದು. ಅದಕ್ಕೆ ತಣ್ಣೀರಿನಲ್ಲಿ ಬೆರೆಸಿದ ಅಂಟುವಾಳದ ತಿಳಿಯೇ ಹಿತ. ಮೊದಲು ಒಂದು ಮೂಲೆಯನ್ನು ನೆನೆಸಿ, ಬಣ್ಣ ಬಿಡುವುದೇ ಎಂದು ನೋಡಬೇಕು. ತಿಕ್ಕಬಾರದು, ಹಿಂಡಬಾರದು, ನೆರಳಲ್ಲೇ ಆರಿಸಬೇಕು. ಜರಿ ತುಂಬಿದ ಬೆಲೆಬಾಳುವ ಸೀರೆಯನ್ನು ಮನೆಯಲ್ಲಿ ಒಗೆಯದೆ ಡ್ರೈಕ್ಲೀನಿಂಗಿಗೆ ಕೊಡುವುದು ಲೇಸು. ಇಸ್ತ್ರಿಯನ್ನು ಹದವಾದ ಬಿಸಿಯಲ್ಲಿ ಒಳಮೈಗೆ ಹಾಕಬೇಕು.

ಉಟ್ಟ ಸೀರೆಯನ್ನು ಕೂಡಲೇ ಮಡಿಸಿಡಬೇಡಿ. ಬೆವರಾರಲು ಗಾಳಿಗೆ ಹರವಿ. ಬೆವರು, ಊಟದ ಕಲೆಗಳು ಹುಳುಗಳಿಗೆ ಆಮಂತ್ರಣ. ನಮ್ಮ ನೇಕಾರರು ಕೈಮಗ್ಗದಲ್ಲಿ ನೇಯ್ದ ಕಾಸರಗೋಡು ಸೀರೆಯಂತಹ ಹತ್ತಿಯ ಬಟ್ಟೆಗಳನ್ನು ಬಹುಕಾಲ ತೆಗೆದಿಡುವುದಾದರೆ ಗಂಜಿಯನ್ನು ತೊಳೆದು ತೆಗೆಯಿರಿ; ಗಂಜಿ ಬೆಳ್ಳಿಮೀನೆಂಬ ಹುಳುವಿನ ಆಹಾರ. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ, ಒಗೆದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿರಿ. ಲಾವಂಚದ ಬೇರನ್ನಾಗಲಿ ನುಸಿಗುಳಿಗೆಯನ್ನಾಗಲಿ ಬೇರೊಂದು ಗಂಟಿನಲ್ಲಿಡಿ; ಅವು ಜರಿಗೆ ತಾಗಕೂಡದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮಳೆ ಹಿಂದೆ ಸರಿದೊಡನೆ, ಅನಂತರವೂ ಮೂರು ತಿಂಗಳಿಗೊಮ್ಮೆ, ಸೀರೆಗಳನ್ನು ಹೊರತೆಗೆದು ನೆರಳಿನಲ್ಲಿ ಗಾಳಿಯಾಡಿಸಿ, ಹಳೆಯ ಗೆರೆ ತಪ್ಪಿಸಿ ಹೊಸದಾಗಿ ಮಡಿಸಿರಿ. ವರ್ಷಕ್ಕೊಮ್ಮೆಯಾದರೂ ಉಡಿರಿ, ಮಕ್ಕಳಿಗೆ ಉಡಲು ಕೊಡಿರಿ.

1956ರಿಂದ ಗಡಿಯ ಈಚೆಗಿರುವ ನಮಗೆ ಈ ಮಾತು ಸೀರೆಗಷ್ಟೇ ಅನ್ವಯಿಸುವುದಲ್ಲ. ನಮ್ಮ ನುಡಿಯನ್ನೂ ಪೂಜ್ಯವೆಂದು ಪೆಟ್ಟಿಗೆಯಲ್ಲಿಟ್ಟರೆ ಉಳಿಯದು. ಮನೆಯಲ್ಲಿ ದಿನವೂ ಬಳಸಿದರೆ ಮಾತ್ರ ಉಳಿದೀತು.

ಸೀಳಿದ ಆ ಸೀರೆಯ ಅಂಚನ್ನು ಬಿಡಿಸಿ ಮೊಮ್ಮಗಳ ಲಂಗಕ್ಕೆ ಹೊಲಿದಿದ್ದೇನೆ. ಈ ಸಲ ಅದನ್ನು ಪೆಟ್ಟಿಗೆಯಲ್ಲಿಟ್ಟಿಲ್ಲ.