ಕಬ್ಬಿಣದ ಅದಿರಿನಿಂದ ಚಿಪ್‌ವರೆಗೆ: ಕಂಪ್ಯೂಟರ್ ಭಾಗಗಳ ಕಥೆ

ಶಿವಮೊಗ್ಗದ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿಬರುವ ಮಾತಿದು: 'ಸಿಪಿಯು ತಂದಿದ್ದೀನಿ, ಆನ್ ಆಗ್ತಿಲ್ಲ, ನೋಡಿ.' ಗಿರಾಕಿ ಹೊತ್ತು ತಂದಿರುವುದು ಇಡೀ ಕ್ಯಾಬಿನೆಟ್. ನಿಜವಾದ ಸಿಪಿಯು ಅದರೊಳಗೆ, ಫ್ಯಾನಿನ ಅಡಿಯಲ್ಲಿ ಕೂತಿರುವ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಚಿಪ್. ಭಾಗಗಳ ಗುರುತು ಸಿಗದಿದ್ದರೆ ಕೆಟ್ಟಿರುವುದೇನು, ದುಡ್ಡು ಯಾವುದಕ್ಕೆ ಎಂದು ಕೇಳುವುದೇ ಕಷ್ಟ. ಒಂದೊಂದು ಭಾಗವೂ ಯಾವ ಕೆಲಸಕ್ಕಾಗಿ ಹುಟ್ಟಿತೆಂದು ತಿಳಿದರೆ ಆ ಪ್ರಶ್ನೆ ಸಲೀಸಾಗಿ ಬಾಯಿಗೆ ಬರುತ್ತದೆ.

ಈ ಕಥೆಯಲ್ಲಿ ಕಬ್ಬಿಣದ್ದೂ ಒಂದು ಎಳೆಯಿದೆ. ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯತೊಡಗಿದ್ದು 1923ರಲ್ಲಿ. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಅಲ್ಲಿನ ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಅದೇ ಆಕ್ಸೈಡಿನ ಕಾಂತಗುಣವುಳ್ಳ ಇನ್ನೊಂದು ರೂಪ 1956ರಲ್ಲಿ ಐಬಿಎಂ ಕಂಪನಿಯ ರಾಮ್ಯಾಕ್ ಯಂತ್ರದ ತಟ್ಟೆಗಳಿಗೆ ಲೇಪವಾಯಿತು. 24 ಅಂಗುಲ ಅಗಲದ 50 ತಟ್ಟೆಗಳು ಸೇರಿ ಹಿಡಿಸಿದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನ ಒಂದೆರಡು ಫೋಟೋಗೆ ಅಷ್ಟು ಜಾಗ ಬೇಕು. ಆ ತಟ್ಟೆಗಳ ಜೋಡಣೆಯೇ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್.

ಆ ಕಾಲದ ಕಂಪ್ಯೂಟರ್ ಕೆಲಸದ ನಡುವೆ ನೆನಪಿಡುತ್ತಿದ್ದುದೂ ಕಬ್ಬಿಣದಿಂದಲೇ. ಫೆರೈಟ್ ಎಂಬ ಕಬ್ಬಿಣದ ಸಂಯುಕ್ತದ ಪುಟಾಣಿ ಉಂಗುರಗಳಿಗೆ ತಂತಿ ಪೋಣಿಸಿ ಮೆಮೊರಿ ಮಾಡುತ್ತಿದ್ದರು. 1970ರಲ್ಲಿ ಇಂಟೆಲ್ ಕಂಪನಿಯ 1103 ಚಿಪ್ ಬಂದು, 1024 ಬಿಟ್‌ಗಳನ್ನು ಸಿಲಿಕಾನ್ ತುಣುಕಿನಲ್ಲಿ ಹಿಡಿದಿಟ್ಟಿತು. ಉಂಗುರಗಳು ಕರೆಂಟ್ ಹೋದರೂ ನೆನಪು ಬಿಡುತ್ತಿರಲಿಲ್ಲ, ಚಿಪ್ ಬಿಡುತ್ತದೆ. ಇಂದಿನ ರ‍್ಯಾಮ್ ಆ ಚಿಪ್‌ನ ಸಂತತಿ.

ಹಾರ್ಡ್ ಡಿಸ್ಕ್, ರ‍್ಯಾಮ್ ಎರಡಕ್ಕೂ ಅಳತೆ ಜಿಬಿಯಲ್ಲೇ ಇರುವುದರಿಂದ ಜನ ಎಡವುವುದು ಇಲ್ಲೇ. ಅಡಿಕೆ ಬೆಳೆಗಾರರ ಮನೆಯಲ್ಲಿ ಅಂಗಳವೂ ಇದೆ, ಉಗ್ರಾಣವೂ ಇದೆ. ಅಂಗಳ ಚಿಕ್ಕದಾದರೆ ಒಣಗಿಸುವ ಕೆಲಸ ನಿಧಾನವಾಗುತ್ತದೆ. ಉಗ್ರಾಣ ತುಂಬಿದರೆ ಮೂಟೆ ಇಡಲು ಜಾಗವಿಲ್ಲ. ರ‍್ಯಾಮ್ ಅಂಗಳ, ಡಿಸ್ಕ್ ಉಗ್ರಾಣ. ಫೋಟೋ ಇಡಲು ಜಾಗವಿಲ್ಲದವರು ರ‍್ಯಾಮ್ ಹಾಕಿಸಿದರೆ ದುಡ್ಡು ದಂಡ.

ಲೆಕ್ಕ ಮಾಡುವ ಸಿಪಿಯು ಒಂದೇ ಚಿಪ್‌ಗೆ ಇಳಿದದ್ದು 1971ರಲ್ಲಿ. ಇಂಟೆಲ್ 4004ರಲ್ಲಿ ಇದ್ದುದು ಸುಮಾರು 2300 ಟ್ರಾನ್ಸಿಸ್ಟರ್. ಇಂದಿನವುಗಳಲ್ಲಿ ನೂರಾರು ಕೋಟಿ. ಹತ್ತು ವರ್ಷದ ಮೇಲೆ, 1981ರಲ್ಲಿ, ಐಬಿಎಂ ಪಿಸಿ ಬಂತು. ಭಾಗಗಳನ್ನೆಲ್ಲ ಜೋಡಿಸುವ ಹಲಗೆಯಾದ ಅದರ ಮದರ್‌ಬೋರ್ಡಿನ ಸ್ಲಾಟುಗಳಿಗೆ ಬೇರೆ ಕಂಪನಿಗಳ ಕಾರ್ಡುಗಳನ್ನೂ ಸಿಕ್ಕಿಸಬಹುದಾಗಿತ್ತು. ಊರೂರಿನ ಅಂಗಡಿಯಲ್ಲಿ ಭಾಗ ಬಿಚ್ಚಿ ಹೊಸದು ಹಾಕುವ ದಾರಿ ತೆರೆದದ್ದು ಆ ವಿನ್ಯಾಸದಿಂದ.

ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ. ಒತ್ತಿದ ಕೀಲಿ ಯಾವುದೆಂದು ಮಾತ್ರ ಅದು ತಿಳಿಸುತ್ತದೆ. ಅದಕ್ಕೆ ಅಕ್ಷರ ಕೊಡುವುದು ಸಾಫ್ಟ್‌ವೇರ್. ಇಂಗ್ಲಿಷ್ ಅಕ್ಷರ ಅಚ್ಚಾದ ಕೀಲಿಗಳಲ್ಲೇ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿ 'ನುಡಿ' ತಂತ್ರಾಂಶದಲ್ಲಿ ಕನ್ನಡ ಮೂಡುವುದು ಹೀಗೆ.

ಮಲೆನಾಡಿನ ಮಳೆಗಾಲದ ತೇವ, ದೂಳು ರ‍್ಯಾಮ್‌ನ ಸಂಪರ್ಕ ಪಟ್ಟಿಗೆ ಒಗ್ಗದು. ಆಗ ಪರದೆ ಕಪ್ಪಾಗಿಯೇ ಉಳಿದು, ಒಳಗಿನಿಂದ ಬೀಪ್ ಬೀಪ್ ಸದ್ದು ಬರುತ್ತದೆ. ಮೆಕ್ಯಾನಿಕ್ ಪ್ಲಗ್ ಕಿತ್ತು, ಎರಡೂ ತುದಿಯ ಕ್ಲಿಪ್ ಒತ್ತಿ ರ‍್ಯಾಮ್ ಹೊರತೆಗೆದು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, 'ಟಕ್' ಎನ್ನುವವರೆಗೆ ಒತ್ತಿ ಕೂರಿಸುತ್ತಾರೆ. ಎಷ್ಟೋ ಸಲ ರಿಪೇರಿ ಅಷ್ಟಕ್ಕೇ ಮುಗಿಯುತ್ತದೆ. ಫ್ಯಾನೂ ತಿರುಗದೆ, ದೀಪವೂ ಹತ್ತದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ ಅದು. ದಿನಾಂಕ ಪದೇ ಪದೇ ಹಿಂದಕ್ಕೆ ಹೋದರೆ, ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬದಲಿಸಬೇಕು.

ಹಳೆಯ ಕಂಪ್ಯೂಟರ್ ನಿಧಾನವಾಯಿತೆಂದು ಗುಜರಿಗೆ ಹಾಕುವ ಮೊದಲು ತಿರುಗುವ ತಟ್ಟೆಯ ಡಿಸ್ಕ್ ತೆಗೆಸಿ, ಚಿಪ್‌ಗಳಿಂದಾದ ಎಸ್‌ಎಸ್‌ಡಿ ಹಾಕಿಸಿ ನೋಡಬೇಕು; ತೆರೆದುಕೊಳ್ಳುವ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ರ‍್ಯಾಮ್ ಕೊಳ್ಳುವಾಗ ಹಳೆಯದರ ಚೀಟಿಯ ಮೇಲಿನ ಡಿಡಿಆರ್3, ಡಿಡಿಆರ್4 ಎಂಬ ಗುರುತನ್ನು ಬರೆದುಕೊಂಡು ಹೋಗಬೇಕು. ಎರಡರ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.